ಸೋಸದ ನೀರು

ನಾನು ಊರಿಗೆ ಹೋದಾಗಲೆಲ್ಲ ಅವ್ವ ಮೊದಲು ಕೊಡುವುದು ಚಹಾ ಅಲ್ಲ, ಅಜವಾನ, ಎಂದರೆ ಓಂಕಾಳು, ಕುದಿಸಿದ ಬಿಸಿನೀರು. ಬಸ್ಸಿಳಿದು ಬಂದು ಚಪ್ಪಲಿ ಬಿಡುವುದರೊಳಗೆ ಸ್ಟೀಲಿನ ಲೋಟ ಕೈಗೆ ಬಂದಿರುತ್ತದೆ. "ಮೊದಲ ಇದನ್ನ ಕುಡಿ, ಆಮ್ಯಾಲೆ ಮಾತು" ಎನ್ನುತ್ತಾಳೆ. ಅಕ್ಕ ಮಸ್ಕಿಯಿಂದ ಬಂದರೆ ಅವಳಿಗೆ ಹಾಲು ಜಾಸ್ತಿ ಹಾಕಿದ ಚಹಾ, ಜೊತೆಗೆ ಖಾರದ ಮಂಡಾಳು. ನನಗೆ ಮಾತ್ರ ಗಂಟಲು ಸುಡುವ ಈ ನೀರು. ನಾನು ಮೊದಲಿನಿಂದಲೂ ಮೂಗಿನ ತುದಿಯಲ್ಲಿ ಸಿಟ್ಟು ಇಟ್ಟುಕೊಂಡವಳು, ಒಂದೆರಡು ಸಲ ಲೋಟ ಕುಕ್ಕಿ ಎದ್ದು ಹೋಗಿದ್ದೂ ಉಂಟು. ಅವ್ವ ಬೆನ್ನು ಹತ್ತಿ ಬಂದು ಕುಡಿಸಿಯೇ ಬಿಡುತ್ತಿದ್ದಳು. ನಾನು ನೌಕರಿಗೆ ಸೇರಿದ ಮೊದಲ ಭಾನುವಾರದಿಂದ ಇದು ನಡೆದುಕೊಂಡು ಬಂದಿತ್ತು. ಯಾಕೆಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಗೊತ್ತಾಗಿದ್ದು ಈಗ ಎರಡು ಬೇಸಿಗೆಯ ಹಿಂದೆ, ನಮ್ಮೂರ ಹಳ್ಳದ ನೀರಿನ ತಕರಾರಿನಲ್ಲಿ.

ನನ್ನ ಕೆಲಸ ಸಿಂಧನೂರಿನಲ್ಲಿ, ನೀರು ಪರೀಕ್ಷೆ ಮಾಡುವ ಒಂದು ಸಣ್ಣ ಲ್ಯಾಬಿನಲ್ಲಿ. ಲಿಂಗಸುಗೂರಿನ ಕಾಲೇಜಿನಲ್ಲಿ ಬಿಎಸ್ಸಿ ಮುಗಿಸಿ ಇಲ್ಲಿಗೆ ಬಂದೆ. ಜವಳಗೇರಾ ಕಡೆಯಿಂದ, ದಢೇಸುಗೂರು ಕಡೆಯಿಂದ ನಳದ ನೀರು, ಬೋರಿನ ನೀರು, ಶಾಲೆಯ ಟ್ಯಾಂಕಿನ ನೀರು ಸೀಸೆಗಳಲ್ಲಿ ಬರುತ್ತವೆ. ಉಪ್ಪು ಎಷ್ಟಿದೆ, ಫ್ಲೋರೈಡ್ ಎಷ್ಟಿದೆ, ಕಣ್ಣಿಗೆ ಕಾಣದ ಹೊಲಸಿನ ಜೀವಿಗಳು ಇವೆಯೇ ಇಲ್ಲವೇ ಎಂದು ನೋಡಿ ಬರೆದುಕೊಡುವುದು ನಮ್ಮ ಕೆಲಸ. ಬರುವುದೆಲ್ಲ ಕುಡಿಯುವ ನೀರು. ಹಳ್ಳದಲ್ಲಿ ಈಜಬಹುದೋ, ಅದರಲ್ಲಿ ಮೀನು ಬದುಕೀತೋ ಎಂದು ಕೇಳಿಕೊಂಡು ಅಷ್ಟು ವರ್ಷಗಳಲ್ಲಿ ಒಬ್ಬರೂ ನಮ್ಮ ಬಾಗಿಲಿಗೆ ಬಂದಿರಲಿಲ್ಲ. ಕೊನೆಗೆ ಬಂದವಳು ನಾನೇ.

ನಮ್ಮೂರು ತುರ್ವಿಹಾಳದ ಕಡೆ. ಊರಿಗೆ ಎರಡು ನೀರು. ಒಂದು ಕಾಲುವೆ, ಇನ್ನೊಂದು ಹಳ್ಳ. ಕಾಲುವೆ ಊರಿಗೆ ಅನ್ನ ಕೊಟ್ಟಿದ್ದು, ಅದಕ್ಕೆ ಎಲ್ಲರೂ ಕೈ ಮುಗಿಯುತ್ತಾರೆ. ಭತ್ತದ ಗದ್ದೆಗಳಲ್ಲಿ ಬಸಿದ ನೀರೆಲ್ಲ ಇಳಿದು ಬರುವುದು ಹಳ್ಳಕ್ಕೆ. ಊರ ಕೆಳಗೆ, ಎರಡು ದೊಡ್ಡ ಬಂಡೆಗಳ ನಡುವೆ ಹಳ್ಳ ಅಗಲವಾಗಿ ನಿಂತು ಒಂದು ಮಡುವಾಗಿದೆ. ಎಂಥ ಬೇಸಿಗೆಯಲ್ಲೂ ಅಲ್ಲಿ ದೊಡ್ಡವರ ಎದೆಮಟ್ಟ ನೀರು. ಒಂದು ದಂಡೆಯಲ್ಲಿ ಎಮ್ಮೆ ಇಳಿಯುತ್ತವೆ, ಇನ್ನೊಂದು ದಂಡೆ ನನ್ನ ಅಪ್ಪನದು.

ಅಪ್ಪ ಕಾಲುವೆಯ ಮೇಲೆ ಗ್ಯಾಂಗ್‌ಮನ್ ಆಗಿದ್ದವನು. ಗೇಟು ಏರಿಸುವುದು, ಇಳಿಸುವುದು, ದಂಡೆ ಕಾಯುವುದು, ಇದರಲ್ಲೇ ಆಯುಷ್ಯ ಕಳೆದ. ಅವನಿಗೊಬ್ಬಳು ತಂಗಿ ಇದ್ದಳು. ನನ್ನವ್ವ ಮದುವೆಯಾಗಿ ಬಂದ ವರ್ಷವೇ, ನಾದಿನಿ ಅತ್ತಿಗೆ ಇಬ್ಬರೂ ಅರಿವೆ ಒಗೆಯಲು ಕಾಲುವೆಗೆ ಹೋಗಿದ್ದರು. ಕಾಲುವೆಯ ಕಾಂಕ್ರೀಟಿನ ಗೋಡೆ ಇಳಿಜಾರು, ಪಾಚಿ ಹಿಡಿದರೆ ಬೆಣ್ಣೆ ಸವರಿದ ಹಾಗೆ. ಆ ತಂಗಿಯ, ಎಂದರೆ ನನ್ನ ಸೋದರತ್ತೆಯ, ಕಾಲು ಜಾರಿತು. ಅವ್ವ ತೊಳೆಯುತ್ತಿದ್ದ ಸೀರೆಯನ್ನೇ ಬೀಸಿ ಎಸೆದಳಂತೆ, ಅದು ಮುಟ್ಟಲಿಲ್ಲ. ಇಬ್ಬರಿಗೂ ಈಜು ಬರುತ್ತಿರಲಿಲ್ಲ. ಆಮೇಲೆ ಅವ್ವ ಮೊಣಕಾಲಿಗಿಂತ ಮೇಲೆ ನೀರು ಬರುವ ಜಾಗಕ್ಕೆ ಇಳಿದಿದ್ದೇ ಇಲ್ಲ. ಅಪ್ಪ ಮಾತ್ರ ಅದರ ಮರುಬೇಸಿಗೆಯಿಂದ ಓಣಿಯ ಹೆಣ್ಣುಮಕ್ಕಳನ್ನು ಮಡುವಿಗೆ ಕರೆದುಕೊಂಡು ಹೋಗಿ ಈಜು ಕಲಿಸಲು ಶುರು ಮಾಡಿದ.

ಗಂಡು ಹುಡುಗರು ಎಲ್ಲಿಯಾದರೂ ಬಿದ್ದು ಎದ್ದು ತಾವೇ ಕಲಿಯುತ್ತಾರೆ, ಹುಡುಗಿಯರಿಗೆ ಯಾರು ಕಲಿಸಬೇಕು ಎಂಬುದು ಅವನ ಮಾತು. ಮೊದಮೊದಲು ಊರು ನಕ್ಕಿತಂತೆ. ಕುಂಬಳದ ಬುರುಡೆ ನಡುವಿಗೆ ಕಟ್ಟಿಕೊಂಡು ನಾನೂ ಅಲ್ಲೇ ಕಲಿತೆ, ಅಕ್ಕನೂ ಕಲಿತಳು. ಈಗ ಬುರುಡೆಯ ಬದಲು ಐದು ಲೀಟರಿನ ಎಣ್ಣೆ ಕ್ಯಾನು ಬಂದಿವೆ, ಉಳಿದಂತೆ ಎಲ್ಲ ಹಾಗೆಯೇ ಇದೆ. ಬೇಸಿಗೆಯಲ್ಲಿ ಕಾಲುವೆ ಬಂದ್ ಆಗುತ್ತದೆ, ಮಳೆಗಾಲದಲ್ಲಿ ಡ್ಯಾಮು ತುಂಬಿದ ಮೇಲೆ ನೀರು ಬಿಡುತ್ತಾರೆ. ಅಷ್ಟರೊಳಗೆ ಆ ವರ್ಷದ ಹುಡುಗಿಯರು ಮಡುವನ್ನು ಈ ದಂಡೆಯಿಂದ ಆ ದಂಡೆಗೆ ಕ್ಯಾನಿಲ್ಲದೆ ದಾಟಬೇಕು. ಅದೇ ಅಪ್ಪನ ಪರೀಕ್ಷೆ. ದಾಟಿದವರಿಗೆ ಒಂದು ಬೆಲ್ಲದ ಚೂರು.

ನೀರನ್ನು ಪರೀಕ್ಷೆ ಮಾಡುವ ರೀತಿಯೂ ಅವನ ಬಳಿ ಇತ್ತು. ಮಕ್ಕಳನ್ನು ಇಳಿಸುವ ಮೊದಲು ತಾನು ಬಂಡೆಯ ಮೇಲೆ ಕೂತು ಎರಡೂ ಕಾಲು ನೀರಿಗೆ ಬಿಡುತ್ತಿದ್ದ. ಸ್ವಲ್ಪ ಹೊತ್ತಿಗೆ ಸಣ್ಣ ಸಣ್ಣ ಮೀನು ಬಂದು ಬೆರಳ ಸಂದಿಯಲ್ಲಿ ಕಚಗುಳಿ ಇಟ್ಟರೆ ನೀರು ಪಾಸು. ಬಾರದಿದ್ದರೆ ಅಂದು ಯಾರೋ ಮೇಲಿನ ಗದ್ದೆಗೆ ಹುಳ ಸಾಯಿಸುವ ಎಣ್ಣೆ ಹೊಡೆದಿದ್ದಾರೆ ಎಂದು ಲೆಕ್ಕ, ಎಲ್ಲರೂ ಮನೆಗೆ ವಾಪಸು. ನಾನು ಬಿಎಸ್ಸಿ ಓದುವಾಗ ಇದನ್ನು ಕೇಳಿ ನಕ್ಕಿದ್ದೆ. ಓದುತ್ತಾ ಹೋದಂತೆ ನಗು ನಿಂತಿತು. ವಿಷ ಬಿದ್ದರೆ, ನೀರಿನಲ್ಲಿ ಕರಗಿದ ಆಮ್ಲಜನಕ ಕಡಿಮೆಯಾದರೆ, ಮೀನಿಗೆ ನನ್ನ ಮೀಟರಿಗಿಂತ ಮೊದಲೇ ಗೊತ್ತಾಗುತ್ತದೆ. ಅಪ್ಪನ ಪರೀಕ್ಷೆಗೆ ಇದ್ದ ಕೊರತೆ ಒಂದೇ. ಮೀನಿಗೆ ಒಗ್ಗಿದ್ದೆಲ್ಲ ಮನುಷ್ಯರಿಗೆ ಒಗ್ಗುವುದಿಲ್ಲ.

ಆ ವರ್ಷ ಒಂಬತ್ತು ಹುಡುಗಿಯರು. ಅವರಲ್ಲಿ ಒಬ್ಬಳು ಅಕ್ಕನ ಮಗಳು, ಎಂಟು ವರ್ಷದವಳು, ರಜೆಗೆ ಮಸ್ಕಿಯಿಂದ ಬಂದಿದ್ದಳು. ಕಲಿಕೆ ಶುರುವಾಗಿ ವಾರವಾಗಿರಲಿಲ್ಲ, ಒಬ್ಬೊಬ್ಬರಿಗೇ ಮೈ ತುರಿಕೆ ಹತ್ತಿತು, ಇಬ್ಬರಿಗೆ ಕಿವಿ ಸೋರಿತು. ಹಿಂದಿನ ವರ್ಷ ಊರ ಚರಂಡಿಯನ್ನು ಮಡುವಿನ ಮೇಲ್ಗಡೆ ಹಳ್ಳಕ್ಕೆ ತಂದು ಬಿಟ್ಟಿದ್ದರು. ನನಗೆ ಅನುಮಾನ ಬಂದು ಅಪ್ಪನಿಗೆ ಫೋನು ಮಾಡಿದೆ, ನೀರು ಪರೀಕ್ಷೆ ಮಾಡೋಣ, ಅಲ್ಲಿಯವರೆಗೆ ಇಳಿಸಬೇಡ ಎಂದೆ.

"ಹೊಳಿ ನೀರಿಗಿ ದೊಣ್ಣಿನಾಯಕನ ಅಪ್ಪಣಿ ಬೇಕೇನು?" ಎಂದ ಅಪ್ಪ. "ಮೀನು ದಿನಾ ಕಾಲಿಗಿ ಬರಾಕತ್ಯಾವ."

"ಮೀನಿಗಿ ಕಿವಿ ಸೋರಂಗಿಲ್ಲ ಬಿಡಪ್ಪ" ಎಂದೆ ನಾನು.

"ಕಾಲುವಿಗಿ ನೀರು ಬಿಡೂದರಾಗ ಇವು ಕಲೀಬೇಕವ್ವ. ಲಗೂನ ನೋಡು" ಎಂದ. ಅವನ ದನಿಯಲ್ಲಿದ್ದ ಅವಸರ ನನಗೆ ಗೊತ್ತಿದ್ದದ್ದೇ. ಒಂದು ಬೇಸಿಗೆ ತಪ್ಪಿದರೆ ಒಂಬತ್ತು ಹುಡುಗಿಯರು ಈಜು ಬಾರದೆ ಆ ಕಾಲುವೆಯ ದಂಡೆಗೆ ಕೊಡ ಹಿಡಿದು ಹೋಗುತ್ತಾರೆ. ಕೊಡ ಹಿಡಿದು ಹೋಗುವ ಪ್ರತಿ ಹುಡುಗಿಯಲ್ಲೂ ಅವನು ತಂಗಿಯನ್ನೇ ನೋಡುತ್ತಿದ್ದ.

ಲ್ಯಾಬಿನಲ್ಲಿ ರಜೆ ಸಿಗುವ ಹಾಗಿರಲಿಲ್ಲ. ತೊಳೆದು, ಕಾವು ಕೊಟ್ಟು, ಶುದ್ಧ ಮಾಡಿದ ಸೀಸೆಗಳನ್ನು ಬಸ್ಸಿನಲ್ಲಿ ಕಳಿಸಿ, ನೀರು ತುಂಬುವ ಬಗೆಯನ್ನು ಅಪ್ಪನಿಗೆ ಫೋನಿನಲ್ಲೇ ಹೇಳಿಕೊಟ್ಟೆ. ನಸುಕಿನಲ್ಲಿ ಹೋಗು, ಎಮ್ಮೆ ಇಳಿಯುವ ಮೊದಲು. ಮುಚ್ಚಳದ ಒಳಮೈ ಮುಟ್ಟಬೇಡ. ಸೀಸೆಯನ್ನು ಬೋರಲು ಮಾಡಿ ಮೊಣಕೈ ಮಟ ಮುಳುಗಿಸಿ, ನೀರು ಬರುವ ದಿಕ್ಕಿಗೆ ತಿರುಗಿಸು. ಅಪ್ಪ ಗೇಟಿನ ಕೆಲಸದವನು, ಹೇಳಿದ್ದನ್ನು ಹೇಳಿದಂತೆ ಮಾಡುವುದು ಅವನ ರಕ್ತದಲ್ಲೇ ಇತ್ತು. ಬೆಳಗಿನ ಬಸ್ಸಿಗೆ ತಾನೇ ಸೀಸೆ ತಂದು ಕೊಟ್ಟ. ಸೋಡಾ ಅಂಗಡಿಯಿಂದ ಐಸು ಬೇಡಿ, ಡಬ್ಬಿಯಲ್ಲಿ ತುಂಬಿ, ಮೇಲೆ ಟವೆಲು ಸುತ್ತಿದ್ದ. ಬಾಣಂತಿಯ ಕೂಸನ್ನು ತಂದ ಹಾಗೆ ತಂದಿದ್ದ.

ನಮ್ಮ ಪರೀಕ್ಷೆಯಲ್ಲಿ ನಳಿಕೆಗಳಲ್ಲಿ ಒಂದು ಬಗೆಯ ಸಾರು ಇರುತ್ತದೆ. ಅದರೊಳಗೆ ಪುಟ್ಟ ಗಾಜಿನ ಕೊಳವೆಯೊಂದು ಬೋರಲು ಬಿದ್ದಿರುತ್ತದೆ. ನೀರು ಹಾಕಿ ಬೆಚ್ಚಗಿಟ್ಟರೆ, ಮಲದಿಂದ ಬರುವ ಜೀವಿಗಳು ಇದ್ದ ಪಕ್ಷದಲ್ಲಿ ಅವು ಉಂಡು ಗಾಳಿ ಬಿಡುತ್ತವೆ, ಆ ಕೊಳವೆಯ ನೆತ್ತಿಯಲ್ಲಿ ಗುಳ್ಳೆ ಕೂಡುತ್ತದೆ. ಎಷ್ಟು ನಳಿಕೆಯಲ್ಲಿ ಗುಳ್ಳೆ ಎಂಬುದರ ಮೇಲೆ ನೀರಿನ ಹಣೆಬರಹ. ಕುಡಿಯುವ ನೀರಾದರೆ ಒಂದರಲ್ಲೂ ಇರಬಾರದು. ಈಜುವ ನೀರಿಗೆ ಅಷ್ಟು ಬಿಗಿ ಇಲ್ಲ, ಕೆಲವು ಇದ್ದರೂ ನಡೆಯುತ್ತದೆ.

ಎರಡು ದಿನ ಬಿಟ್ಟು ತೆಗೆದು ನೋಡಿದರೆ ಒಂದು ನಳಿಕೆಯಲ್ಲೂ ಗುಳ್ಳೆ ಇಲ್ಲ.

ನನಗೆ ಕುಣಿಯುವಷ್ಟು ಖುಷಿಯಾಯಿತು. ಲ್ಯಾಬಿನ ಹಿರಿಯರು ಕನ್ನಡಕ ಏರಿಸಿ ಹಾಳೆ ನೋಡಿದರು. "ಆಮ್ಲಜನಕ ಇಷ್ಟು ಕಡಿಮಿ ಐತಿ, ಮೀನಿಗೆ ಉಸಿರು ಕಟ್ಟಬೇಕು. ಅದ ನೀರಾಗ ಹುಳ ಒಂದೂ ಇಲ್ಲ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅಂತಾರ್ರೀ ಮೇಡಂ. ಇನ್ನೊಂದು ಸಲ ತರಸ್ರಿ" ಎಂದರು. ನನಗೆ ಉರಿಯಿತು. ಎಮ್ಮೆ ಇಳಿಯುವ ಹಳ್ಳದಲ್ಲಿ ಒಂದೂ ಗುಳ್ಳೆ ಬಾರದಿರುವುದು ಆಗದ ಮಾತು ಎಂದು ನನಗೂ ಗೊತ್ತಿತ್ತು. ಅಪ್ಪನ ಕಾಲಿಗೆ ಬರುವ ಮೀನು ಉಸಿರಿಲ್ಲದ ನೀರಿನಲ್ಲಿ ಇರಲಾರದೆಂದೂ ಗೊತ್ತಿತ್ತು. ಸೀಸೆ ತೆರೆದಾಗ ನೀರಿಗೆ ಹೊಗೆಯ ವಾಸನೆ ಇತ್ತು, ಅದನ್ನೂ ನನ್ನ ಮೂಗು ಹೇಳಿತ್ತು. ಗದ್ದೆಯಲ್ಲಿ ಹುಲ್ಲು ಸುಟ್ಟಿರಬೇಕು ಎಂದುಕೊಂಡೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಹಾಗೆ ನನ್ನ ಮಡು ನನಗೆ ಮುದ್ದು. ಬೇಕಾದ ಉತ್ತರ ಸಿಕ್ಕಿತ್ತು, ಕೇಳಿದ ಪ್ರಶ್ನೆಯನ್ನು ಮಡಚಿ ಇಟ್ಟೆ. ಅಪ್ಪನಿಗೆ ಫೋನು ಮಾಡಿ ಇಳಿಸು ಎಂದೆ.

ಹತ್ತು ದಿನಕ್ಕೆ ಅಕ್ಕನ ಮಗಳನ್ನು ಸಿಂಧನೂರಿನ ದವಾಖಾನೆಗೆ ಕರೆತಂದರು. ಎರಡೂ ಕಿವಿಯಲ್ಲಿ ಕೀವು, ಮೈ ಸುಡುವ ಜ್ವರ. ಲ್ಯಾಬಿನಿಂದ ಓಡಿಹೋದೆ. ಕೂಸು ಅಳುತ್ತಿರಲಿಲ್ಲ, ಅಳು ಮುಗಿದು ಬಿಕ್ಕಳಿಕೆ ಉಳಿದಿತ್ತು. ನನ್ನ ಕೈ ಹಿಡಿದುಕೊಂಡು, "ಚಿಗವ್ವ, ನೀರು ಚೊಲೊ ಐತಿ ಅಂತ ನೀನ ಅಂದಿದ್ದೆಲ್ಲ" ಎಂದಿತು. ಬೈದಿದ್ದಲ್ಲ, ನಿಜವಾಗಿ ಕೇಳಿದ್ದು. ಅಕ್ಕ ಮಗಳ ಹಣೆಯ ಒದ್ದೆ ಬಟ್ಟೆ ಬದಲಿಸುತ್ತಿದ್ದಳು, ನನ್ನನ್ನು ಬೈದಿದ್ದರೆ ಹಗುರಾಗುತ್ತಿತ್ತು. ದವಾಖಾನೆಯ ಬೆಂಚಿನ ಮೇಲೆ ಕೂತು ನಾಚಿಕೆಯಿಂದ ನೆಲ ನೋಡಿದೆ. ಇಷ್ಟು ವರ್ಷದ ನೌಕರಿಯಲ್ಲಿ ಸುಳ್ಳು ಫಲಿತಾಂಶ ಕೊಟ್ಟಿದ್ದು ಅದೊಂದೇ, ಕೊಟ್ಟಿದ್ದು ನಮ್ಮ ಕೂಸಿಗೇ.

ಮರುದಿನವೇ ಊರಿಗೆ ಹೋದೆ. ಅಪ್ಪ ಆಗಲೇ ಕ್ಯಾನುಗಳನ್ನು ಮಡುವಿನಿಂದ ಬಿಚ್ಚಿ ತಂದು ಅಂಗಳದ ಮೂಲೆಯಲ್ಲಿ ಒಟ್ಟಿದ್ದ. ಅವ್ವ ಅಜವಾನದ ನೀರು ಕೊಟ್ಟಳು, ಸದ್ದಿಲ್ಲದೆ ಕುಡಿದೆ. ಈ ಸಲ ನೀರು ನಾನೇ ತುಂಬುತ್ತೇನೆ ಎಂದು ಹೊಸ ಸೀಸೆಗಳನ್ನು ಕಟ್ಟೆಯ ಮೇಲೆ ಸಾಲಾಗಿ ಇಟ್ಟು ಚೀಟಿ ಅಂಟಿಸುತ್ತಿದ್ದೆ. ಅವ್ವ ಒಳಗಿನಿಂದ ಒಂದು ಬೋಗುಣಿ, ನಾಲ್ಕು ಮಡಿಕೆ ಮಾಡಿದ ಬಿಳಿ ಧೋತರದ ತುಂಡು ಹಿಡಿದು ಬಂದಳು.

"ತುಂಬಿ ತಂದ ಕೂಡ್ಲೆ ನನ್ನ ಕಡಿ ಕೊಡು" ಎಂದಳು. "ಹ್ವಾದ ಸಲದಂಗ ಸೋಸಿ, ಕಾಸಿ, ಆರಿಸಿ ತುಂಬತೀನಿ."

ಒಂದು ಗಳಿಗೆ ಅವಳು ಏನೆಂದಳೆಂದು ನನಗೆ ಹೊಳೆಯಲೇ ಇಲ್ಲ. ಹೊಳೆದ ಮೇಲೆ ನಾನು ನಾನಾಗಿ ಉಳಿಯಲಿಲ್ಲ. ಓಣಿ ಕೇಳುವ ಹಾಗೆ ಕೂಗಿದೆ. ನಿನಗೆ ಬುದ್ಧಿ ಐತೇನು, ಹೊಲಸನ್ನ ಹುಡುಕಾಕಂತ ತರಸಿದ ನೀರು ಅದು, ಅದನ್ನ ಕಾಸಿ ಕೊಟ್ಟರೆ ಏನು ನೋಡಲಿ ನಾನು, ಕೂಸಿನ ಕಿವಿ ಹ್ವಾದ್ರ ಯಾರು ಕೊಡ್ತಾರ ಎಂದೆಲ್ಲ ಅಂದೆ. ಅಪ್ಪನಿಗೂ ಇದು ಗೊತ್ತಿರಲಿಲ್ಲ. ಅವನು ಮಡುವಿನಿಂದ ಸೀಸೆ ತಂದು ಕಟ್ಟೆಯ ಮೇಲಿಟ್ಟು ಜಳಕಕ್ಕೆ ಹೋದ ಹೊತ್ತಿನಲ್ಲಿ ಅವ್ವ ಒಲೆ ಹಚ್ಚಿದ್ದಳು. ಧೋತರದಲ್ಲಿ ಸೋಸಿ, ಮುಚ್ಚಿ ಕುದಿಸಿ, ತಣ್ಣೀರಿನ ಬುಟ್ಟಿಯಲ್ಲಿ ಪಾತ್ರೆ ಇಟ್ಟು ಆರಿಸಿ, ಒಂದು ಹನಿ ಚೆಲ್ಲದಂತೆ ಸೀಸೆಯ ಬಾಯಿಮಟ ತುಂಬಿ ಇಟ್ಟಿದ್ದಳು.

ನಾನು ಕೂಗುವಷ್ಟು ಹೊತ್ತೂ ಅವಳು ಧೋತರದ ತುಂಡನ್ನು ಬೆರಳಿಗೆ ಸುತ್ತುತ್ತಾ ನಿಂತಿದ್ದಳು. ನನ್ನ ಕೂಗು ನಿಂತ ಮೇಲೆ ಮೆಲ್ಲಗೆ ಹೇಳಿದಳು, "ನೀ ಕುಡೀತಿ ಅಂತ, ಯವ್ವಾ."

"ಏನು?"

"ಪರೀಕ್ಷಾ ಅಂದ್ರ ಕುಡದು ನೋಡೂದಲ್ಲೇನು? ಸಾರಿಗಿ ಉಪ್ಪು ಹತ್ತೇತೋ ಇಲ್ಲೋ ನಾವು ನಾಲಿಗಿ ಮ್ಯಾಲ ಹಾಕ್ಕೊಂಡು ನೋಡಂಗಿಲ್ಲೇನು? ಊರೂರಿನ ಹೊಲಸು ನೀರೆಲ್ಲ ನನ್ನ ಮಗಳ ಹೊಟ್ಟಿಗಿ ಹೊಕ್ಕತಾವ ಅಂತ... ಹೊಟ್ಟಿಪಾಡಿನ ಕೆಲಸ, ಕೆಣಕಿ ಯಾಕ ಕೇಳಬೇಕು ಅಂತ ಸುಮ್ಮನಿದ್ದೆ. ನಮ್ಮ ಹಳ್ಳದ್ದಾದ್ರೂ ಶುದ್ಧ ಮಾಡಿ ಕಳಸೋಣು ಅಂತ ಮಾಡಿದೆ."

ನಾನು ಕಟ್ಟೆಯ ಮೇಲೆ ಕೂತುಬಿಟ್ಟೆ. ಅಜವಾನದ ಲೋಟ ಅಲ್ಲೇ ಇತ್ತು. ನೌಕರಿಯ ಮೊದಲ ಭಾನುವಾರದಿಂದ ಆವತ್ತಿನವರೆಗೆ ಅವಳು ನನ್ನ ಹೊಟ್ಟೆ ತೊಳೆಯುತ್ತಿದ್ದಳು. ಯಾರ‍್ಯಾರದೋ ಟ್ಯಾಂಕಿನ ನೀರು, ಯಾರ‍್ಯಾರದೋ ಬೋರಿನ ನೀರು, ವಾರವೆಲ್ಲ ಕುಡಿದು ಬಂದ ಮಗಳಿಗೆ ಅವಳಿಗೆ ಗೊತ್ತಿದ್ದ ಔಷಧ ಅದೊಂದೇ. ನಾನು ಆ ಲೋಟವನ್ನು ಕುಕ್ಕಿದ್ದೆನಲ್ಲ ಎಂದು ನೆನೆದು ಅಳು ತಡೆಯಲಾಗಲಿಲ್ಲ. ಅವ್ವ ಗಾಬರಿಯಾಗಿ ಸೆರಗಿನಿಂದ ನನ್ನ ಮುಖ ಒರೆಸಿದಳು. "ಅಂದ್ರ ಕುಡಿಯಂಗಿಲ್ಲ?" ಎಂದು ಕೇಳಿದಳು. ಇಲ್ಲವೆಂದು ತಲೆ ಅಲ್ಲಾಡಿಸಿದೆ. "ಒಂದು ಗುಟುಕೂ?" ಎಂದಳು. ಅಪ್ಪ ಆ ಕಡೆ ತಿರುಗಿ ನಗು ನುಂಗುತ್ತಿದ್ದ.

ಅವಳು ಸೋಸುವ ಹಟವನ್ನು ನಾನು ಮೊದಲೇ ಅರ್ಥ ಮಾಡಿಕೊಳ್ಳಬೇಕಿತ್ತು. ಅವ್ವನ ತವರು ಲಿಂಗಸುಗೂರಿನ ಕಡೆ, ನೀರಿಲ್ಲದ ಊರು. ಸೇದುವ ಬಾವಿಗೆ ನಮ್ಮ ಕೇರಿಯವರನ್ನು ಬಿಡುತ್ತಿರಲಿಲ್ಲ, ಮೆಟ್ಟಿಲಿಳಿದು ತುಂಬುವ ಹಳೆಯ ಬಾವಿಯೊಂದೇ ಗತಿ. ಆ ನೀರು ಕುಡಿದವರ ಕಾಲಿನಲ್ಲಿ ವರ್ಷದ ಮೇಲೆ ನಾರುಹುಣ್ಣು ಏಳುತ್ತಿತ್ತು. ಚರ್ಮ ಒಡೆದು ದಾರದಂಥ ಹುಳ ಹೊರಗೆ ಬರುತ್ತಿತ್ತು, ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಬೆರಳುದ್ದ ಎಳೆಯುತ್ತಿದ್ದರು. ಅವ್ವನ ಎಡಗಾಲ ಹರಡಿನ ಮೇಲೆ ಆ ಕಲೆ ಇನ್ನೂ ಇದೆ. ನೀರನ್ನು ಬಟ್ಟೆಯಲ್ಲಿ ಸೋಸಿದರೆ ಹುಳ ಬರುವುದಿಲ್ಲ ಎಂದು ಊರೂರು ತಿರುಗಿ ಹೇಳಿಹೋದರಂತೆ. ಉಳಿದವರು ರೋಗ ಹೋದ ಮೇಲೆ ಮರೆತರು. ಅವ್ವ ಮರೆಯಲಿಲ್ಲ. ಬುದ್ಧನ ಪಟದ ಮುಂದೆ ಇಡುವ ಲೋಟದ ನೀರನ್ನೂ ಅವಳು ಸೋಸಿಯೇ ಇಡುತ್ತಾಳೆ. ಸೋಸದ ನೀರನ್ನು ಅವಳು ಇನ್ನೊಬ್ಬರ ಕೈಗೆ ಕೊಟ್ಟಿದ್ದನ್ನು ನಾನು ಕಂಡೇ ಇಲ್ಲ.

ಈ ಸಲ ನಾನು ತುಂಬಿದ ನೀರಿನಲ್ಲಿ ಎಲ್ಲ ನಳಿಕೆಗಳಲ್ಲೂ ಗುಳ್ಳೆ. ಆಮ್ಲಜನಕ ಮೀನಿಗೆ ಸಾಕಾಗುವಷ್ಟಿತ್ತು, ಬಂಡೆಯ ಅಡಿಯಲ್ಲಿ ಏರೋಪ್ಲೇನು ಚಿಟ್ಟೆ ಎನ್ನುತ್ತಾರಲ್ಲ, ಆ ಕೊಡತಿ ಹುಳದ ಮರಿಗಳಿದ್ದವು, ಏಡಿ ಇತ್ತು. ಅಪ್ಪನ ಮೀನು ಸುಳ್ಳು ಹೇಳಿರಲಿಲ್ಲ. ನೀರು ಮೀನಿಗೆ ಸಲ್ಲುತ್ತಿತ್ತು, ನಮ್ಮ ಹುಡುಗಿಯರಿಗೆ ಸಲ್ಲುತ್ತಿರಲಿಲ್ಲ. ಹಿರಿಯರು ಹಾಳೆ ನೋಡಿ ಸಹಿ ಹಾಕಿದರು. ಆವತ್ತು ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ.

ಚರಂಡಿ ತಿರುಗಿಸಿ ಎಂದು ಕೇಳಲು ಪಂಚಾಯ್ತಿಗೆ ಹೋದೆವು, ಅಪ್ಪ, ನಾನು, ಅವ್ವ. ನಾನು ಎರಡು ಪುಟ್ಟ ಸೀಸೆ ಒಯ್ದಿದ್ದೆ. ಹಳ್ಳಿಗಳಲ್ಲಿ ತೋರಿಸಲೆಂದು ಒಂದು ಸುಲಭದ ಪರೀಕ್ಷೆ ಇದೆ, ಹೊಲಸು ಬೆರೆತ ನೀರು ಔಷಧ ಹಾಕಿಟ್ಟ ಆ ಸೀಸೆಯಲ್ಲಿ ಒಂದೆರಡು ದಿನ ಇದ್ದರೆ ಕಪ್ಪಾಗುತ್ತದೆ. ಒಂದು ಸೀಸೆಗೆ ಮಡುವಿನ ನೀರು ಹಾಗೇ ಹಾಕಿದ್ದೆ. ಇನ್ನೊಂದಕ್ಕೆ ಅದೇ ನೀರನ್ನು ಅವ್ವನ ಕೈಯಿಂದ ಕಾಸಿಸಿ ಹಾಕಿದ್ದೆ. ಒಂದು ಕಾಡಿಗೆಯ ಹಾಗೆ ಕಪ್ಪು, ಒಂದು ಬಣ್ಣ ಬದಲಿಸಿರಲಿಲ್ಲ. ನಾನು ವಿವರಿಸಲು ಬಾಯಿ ತೆರೆಯುವುದರೊಳಗೆ ಸದಸ್ಯರೊಬ್ಬರು, "ಹಳ್ಳದ ನೀರು ಯಾರು ಕುಡೀತಾರ ಬಿಡ್ರಿ ಮೇಡಂ. ಈಜು ಬಿಟ್ರ ಏನು ಜೀವ ಹೋಗತೈತೇನು?" ಎಂದು ನಕ್ಕರು.

ಮಾತಾಡಿದ್ದು ಅವ್ವ. ನನ್ನ ಕೈಯಿಂದ ಎರಡೂ ಸೀಸೆ ತಗೊಂಡು ಮೇಜಿನ ಮೇಲೆ ಇಟ್ಟಳು.

"ಜೀವ ಹೋಗತೈತ್ರೀ. ನನ್ನ ಕಣ್ಣ ಮುಂದ ಹೋಗೇತಿ, ಕಾಲುವ್ಯಾಗ. ಇಬ್ಬರಿಗೂ ಈಜು ಬರತಿದ್ದಿಲ್ಲ." ಸೀಸೆಗಳನ್ನು ಒಂದೊಂದಾಗಿ ಮುಟ್ಟಿ ತೋರಿಸುತ್ತಾ, "ಇದು ನಾ ಕಾಸಿದ ನೀರು. ಇದು ನೀವು ಕೆಡಿಸಿದ ನೀರು. ಎರಡೂ ಒಂದ ಮಡುವಿನವು. ಪೂರಾ ಮಡುವನ್ನ ಒಲಿ ಮ್ಯಾಲಿಟ್ಟು ಕಾಸಾಕ ಅಷ್ಟು ದೊಡ್ಡ ಬೋಗುಣಿ ನನ್ನ ಕಡಿ ಇಲ್ಲರೀ" ಎಂದಳು.

ಯಾರೂ ನಗಲಿಲ್ಲ. ಅಷ್ಟರಿಂದಲೇ ಕೆಲಸವಾಯಿತೆಂದರೆ ಅದು ಕತೆಯಾದೀತು. ಆಮೇಲೂ ಮೂರು ಸಲ ಹೋಗಬೇಕಾಯಿತು, ನಾನು ಒಂದು ಸಲ ಜಗಳವನ್ನೂ ಆಡಿದೆ. ಕೊನೆಗೆ ಜೆಸಿಬಿ ಬಂತು. ಊರ ಹಿಂದಿನ ಪಾಳು ತಗ್ಗಿಗೆ ಮೋರಿ ತೋಡಿ, ಚರಂಡಿಯನ್ನು ಅಲ್ಲಿ ಇಂಗಲು ಬಿಟ್ಟರು. ಅಷ್ಟೊತ್ತಿಗೆ ಶಾಲೆ ಶುರುವಾಗಿತ್ತು. ಅಕ್ಕನ ಮಗಳ ಕಿವಿ ವಾಸಿಯಾಗಿ ಅವಳು ಮಸ್ಕಿಗೆ ಹೋಗಿದ್ದಳು. ಮುಂಗಾರಿನ ಎರಡು ದೊಡ್ಡ ಮಳೆ ಬಿದ್ದು ಹಳ್ಳವನ್ನು ತೊಳೆದವು. ರಾಡಿ ಇಳಿದು ನೀರು ತಿಳಿಯಾಗಲೆಂದು ಕಾದೆವು. ಡ್ಯಾಮು ತುಂಬುತ್ತಿದೆ, ಇನ್ನೇನು ಕಾಲುವೆಗೆ ಬಿಡುತ್ತಾರೆ ಎಂಬ ಸುದ್ದಿ ದಿನವೂ ಬರುತ್ತಿತ್ತು. ಅಪ್ಪ ಅಂಗಳದಲ್ಲಿ ಕ್ಯಾನುಗಳ ಹಗ್ಗ ಬಿಚ್ಚುವುದು, ಮತ್ತೆ ಕಟ್ಟುವುದು ಮಾಡುತ್ತಿದ್ದ.

ಕಡೆಯ ಸಲ ನೀರು ತುಂಬಲು ಹೋದ ನಸುಕಿನಲ್ಲಿ ಅವ್ವನೂ ನಮ್ಮ ಹಿಂದೆ ಬಂದಳು. ಮಡುವಿನ ದಾರಿಯಲ್ಲಿ ಅವಳನ್ನು ನಾನು ಕಂಡಿದ್ದು ಅದೇ ಮೊದಲು. ದಂಡೆಯ ಮೇಲೆ ನಿಂತು ನನ್ನ ಕೈ ನೋಡುತ್ತಿದ್ದಳು. ನಾನು ಸೀಸೆಯ ಚೀಟಿ ಬರೆದು ತಲೆ ಎತ್ತುವಷ್ಟರಲ್ಲಿ, "ಕೊಡು ಇಲ್ಲಿ" ಎಂದಳು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ನೀರಿಗೆ ಇಳಿದಳು. ಹರಡು, ಮೊಣಕಾಲು, ತೊಡೆ. ಅಪ್ಪ "ಏ" ಎಂದು ಎದ್ದವನು ಅವಳ ಮುಖ ನೋಡಿ ಅಲ್ಲೇ ನಿಂತ. ನಡುಮಟ್ಟ ನೀರಿನಲ್ಲಿ ಅವ್ವ ಕಣ್ಣು ಮುಚ್ಚಿಕೊಂಡು ಒಂದಷ್ಟು ಹೊತ್ತು ನಿಂತಳು. ಆಮೇಲೆ ನಾನು ಅಪ್ಪನಿಗೆ ಹೇಳಿಕೊಟ್ಟಿದ್ದನ್ನು ಯಾವಾಗ ಕೇಳಿಸಿಕೊಂಡಿದ್ದಳೋ, ಸೀಸೆ ಬೋರಲು ಮಾಡಿ, ಮೊಣಕೈ ಮಟ ಮುಳುಗಿಸಿ, ನೀರು ಬರುವ ದಿಕ್ಕಿಗೆ ತಿರುಗಿಸಿದಳು. ಮುಚ್ಚಳದ ಒಳಮೈ ಮುಟ್ಟಲಿಲ್ಲ.

ದಂಡೆಗೆ ಬಂದು ಸೀಸೆಯನ್ನು ನನ್ನ ಕೈಗೆ ಇಟ್ಟಳು. ನೀರಿನಲ್ಲಿ ಒಂದು ಸಣ್ಣ ಎಲೆಯ ಚೂರು ತಿರುಗುತ್ತಿತ್ತು. ಅವಳು ಅದನ್ನು ನೋಡಿದಳು, ಬೆರಳು ಸೆರಗಿನ ಕಡೆ ಹೋಯಿತು, ಹಿಂದೆ ಬಂತು.

"ಸೋಸಿಲ್ಲ, ನೋಡು" ಎಂದಳು.

ಆ ಸೀಸೆಯನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಸಿಂಧನೂರಿಗೆ ಬಂದೆ. ಎರಡು ದಿನವಾದ ಮೇಲೆ ನಳಿಕೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದೆ. ಮೂರರಲ್ಲಿ ಗುಳ್ಳೆ, ಉಳಿದವುಗಳಲ್ಲಿ ಇಲ್ಲ. ಈ ಸಲ ಖುಷಿಯನ್ನು ತಡೆಹಿಡಿದು, ಹಾಳೆಯನ್ನು ಹಿರಿಯರ ಮುಂದೆ ಇಟ್ಟು ಸುಮ್ಮನೆ ನಿಂತೆ. ಅವರು ಆಮ್ಲಜನಕ ನೋಡಿದರು, ನಳಿಕೆಗಳನ್ನು ತಾವೂ ಎತ್ತಿ ನೋಡಿದರು. "ಇದು ಹಳ್ಳದ ನೀರು ಬಿಡ್ರಿ" ಎಂದರು. "ಕುಡಿಯಾಕ ಆಗಂಗಿಲ್ಲ. ಈಜಾಡಾಕ ಆಗತೈತಿ."

ಅಪ್ಪನಿಗೆ ಫೋನು ಮಾಡಿದೆ, ಎತ್ತಿದ್ದು ಅವ್ವ. ಹಿಂದೆ ಹುಡುಗಿಯರ ಗದ್ದಲ ಕೇಳುತ್ತಿತ್ತು. ಅದು ಭಾನುವಾರ, ನಾನು ಮಾತ್ರ ನಳಿಕೆ ನೋಡಲೆಂದು ಲ್ಯಾಬಿಗೆ ಬಂದು ಹಿರಿಯರನ್ನೂ ಕರೆಸಿದ್ದೆ. ಹುಡುಗಿಯರೆಲ್ಲ ಬೆಳಗಿನಿಂದ ಕ್ಯಾನು ಕಟ್ಟಿಕೊಂಡು ಬಂಡೆಯ ಮೇಲೆ ನನ್ನ ಫೋನಿಗಾಗಿ ಕಾಯುತ್ತಿದ್ದರು. ಅಕ್ಕನ ಮಗಳನ್ನೂ ಮಸ್ಕಿಯಿಂದ ಕರೆತಂದಿದ್ದರು.

ಅವ್ವ ನೀರು ಹೇಗಿದೆ ಎಂದು ಕೇಳಲಿಲ್ಲ. "ಕುಡದಿಯೇನು?" ಎಂದಳು.

"ಇಲ್ಲವ್ವ, ಕುಡದಿಲ್ಲ."

"ಒಂದು ಗುಟುಕೂ?"

"ಒಂದು ಗುಟುಕೂ ಇಲ್ಲ."

"ಹಂಗಾರ ಹುಡಿಗ್ಯಾರನ್ನ ಇಳಸೂನೇನು?"

"ಇಳಸವ್ವ" ಎಂದೆ. ಅವಳು ಫೋನು ಇಡದೆಯೇ ಅಪ್ಪನಿಗೆ ಕೂಗಿ ಹೇಳಿದಳು. ಒಂಬತ್ತು ಸಲ ನೀರು ಸಿಡಿದ ಸದ್ದನ್ನು ನಾನು ಲ್ಯಾಬಿನ ಕಿಟಕಿಯ ಬಳಿ ನಿಂತು ಎಣಿಸಿದೆ.